ಬರಬೇಡ ತಂಗಿ, ನಮ್ಮಲ್ಲಿ ಎಲ್ಲರಿಗೂ ಎಲ್ಲ ಗೊತ್ತದ

ಪ್ರೀತಿಯ ತಂಗಿ,

ನಿನ್ನ ಹೆಸರು ನನಗೆ ಗೊತ್ತಿಲ್ಲ. ಹರೆಯದ ಮಕ್ಕಳಿಗೆ ಮೈಯ ಪಾಠ ಹೇಳುವುದನ್ನೇ ಕಸುಬು ಮಾಡಿಕೊಂಡು ಊರೂರು ತಿರುಗುವ ನಿನ್ನಂಥವರು ಈಗ ದೇಶದ ತುಂಬ ಇದ್ದಾರೆ ಎಂದಷ್ಟೇ ಬಲ್ಲೆ. ದಿಲ್ಲಿಯ ಇಶಿತಾ ಚೌಧರಿ 2002ರಲ್ಲಿ ‘ವೈ.ಪಿ. ಫೌಂಡೇಶನ್’ ಕಟ್ಟಿದಾಗ ಆಕೆಗೆ ಹದಿನೇಳು ವರ್ಷ. ಅದಕ್ಕೂ ಒಂದು ವರ್ಷ ಮೊದಲು ಬೆಂಗಳೂರಿನಲ್ಲಿ ಸಂಗೀತಾ ಸಕ್ಸೇನಾ, ಶೈಬ್ಯಾ ಸಲ್ಡಾನಾ ಎಂಬ ಇಬ್ಬರು ಸ್ತ್ರೀರೋಗ ತಜ್ಞೆಯರು ಇದೇ ಕೆಲಸಕ್ಕೆಂದು ‘ಎನ್‌ಫೋಲ್ಡ್’ ಶುರುಮಾಡಿದರು. ಅವರ ದಾರಿಯಲ್ಲಿ ಹೊರಟ ನೀನು ನಕಾಶೆ ಬಿಡಿಸಿ, ರಾಜ್ಯದ ನೆತ್ತಿಯಲ್ಲಿರುವ ಬೀದರ್ ಮೇಲೆ ಬೆರಳಿಟ್ಟು, ‘ಮುಂದಿನ ಊರು ಇದೇ’ ಎಂದೇನಾದರೂ ಅಂದುಕೊಂಡಿದ್ದರೆ ದಯವಿಟ್ಟು ಬೆರಳು ಎತ್ತಿಬಿಡು. ಬೆಂಗಳೂರಿನಿಂದ ಏಳುನೂರು ಕಿಲೋಮೀಟರು ಸುಮ್ಮನೆ ಯಾಕೆ ಸವೆಸುತ್ತಿ?

ನಿನ್ನಂಥವರನ್ನು ‘ಸಾಮಾಜಿಕ ಉದ್ಯಮಿ’ ಅನ್ನುತ್ತಾರಂತೆ. ಹಾಗೆಂದರೇನು ಎಂದು ಬೀದರಿನ ನಮ್ಮ ಮೈಲೂರ ಓಣಿಯ ಕಟ್ಟೆಯಲ್ಲಿ ವಿಚಾರಿಸಿದೆ. “ಸೊಸೈಟಿ ಬ್ಯಾಂಕಿನವರೇನ್ರಿ?” ಎಂದರೊಬ್ಬರು. ಅಲ್ಲ, ಪಾಠ ಹೇಳುವವರು ಎಂದೆ. ಯಾವ ಪಾಠ ಎಂದರು. ಹೇಳಿದೆ. ಆಮೇಲೆ ಕಟ್ಟೆಯಲ್ಲಿ ಮಳೆ, ತೊಗರಿ ರೇಟು, ಕಾರಂಜಾ ಕೆನಾಲಿನ ಮಾತು ಮಾತ್ರ ನಡೆಯಿತು.

ನನ್ನ ಪರಿಚಯ ಹೇಳಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ನಿನ್ನ ವಿಷಯದಲ್ಲಿ ನನಗೆ ಒಳ್ಳೆಯ ಅನುಭವವಿದೆ, ಅಂದರೆ ಅದನ್ನು ಬಿಟ್ಟುಬಿಡುವ ಅನುಭವ. ಹತ್ತನೆಯ ತರಗತಿಯ ಪುಸ್ತಕದಲ್ಲಿ ಜೀವಿಗಳು ಸಂತಾನೋತ್ಪತ್ತಿ ನಡೆಸುವ ಪಾಠವೊಂದಿದೆ. ಅಮೀಬಾ ಎರಡಾಗುವುದನ್ನು ನಾನು ಬಣ್ಣದ ಚಾಕ್‌ಪೀಸಿನಲ್ಲಿ ಬರೆದು ತೋರಿಸುತ್ತಿದ್ದೆ. ಹೈಡ್ರಾದ ಮೊಗ್ಗು ಬಿಡಿಸುತ್ತಿದ್ದೆ. ಆಮೇಲೆ ದಾಸವಾಳ. ಮನೆಯ ಅಂಗಳದಿಂದ ಹತ್ತು ಹೂವು ಕಿತ್ತು ತಂದು, ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಇದು ಕೇಸರ, ಇದು ಶಲಾಕೆ, ಇದು ಅಂಡಾಶಯ ಎಂದು ಬೆಂಚು ಬೆಂಚಿಗೂ ಹೋಗಿ ತೋರಿಸುವಾಗ ನನ್ನಂಥ ಮೇಷ್ಟ್ರು ಜಿಲ್ಲೆಯಲ್ಲೇ ಇರಲಿಲ್ಲ. ಪುಟ ತಿರುವಿದರೆ ಮನುಷ್ಯರು. ಅಲ್ಲಿಗೆ ಬಂದ ಕೂಡಲೆ ನನಗೆ ಗಂಟಲು ಕೆರೆಯುತ್ತಿತ್ತು, ಗಡಿಯಾರ ಕಾಣುತ್ತಿತ್ತು. “ಇದೊಂದು ಭಾಗ ನೀವೇ ಮನ್ಯಾಗ ಓದ್ಕೋರಿ” ಎನ್ನುತ್ತಿದ್ದೆ. ಹುಡುಗಿಯರು ಡೆಸ್ಕಿನ ಮೇಲಿನ ಗೀರುಗಳನ್ನು ಎಣಿಸುತ್ತಿದ್ದರು. ಹುಡುಗರು ಒಬ್ಬರ ಕಾಲು ಒಬ್ಬರು ತುಳಿಯುತ್ತಿದ್ದರು. ಅಷ್ಟೂ ವರ್ಷಗಳಲ್ಲಿ ಆ ಪಾಠದ ಬಗ್ಗೆ ನನಗೆ ಮತ್ತೆಮತ್ತೆ ಬಂದ ಪ್ರಶ್ನೆ ಒಂದೇ: “ಸರ್, ಇದು ಎಷ್ಟು ಮಾರ್ಕ್ಸಿಂದು ಬರ್ತದ್ರಿ?”

ಆಗಿನ ಹಾಜರಿ ಪುಸ್ತಕ ತೆಗೆದು ನೋಡಿದರೆ ಎಂಟನೆಯ ತರಗತಿಯಿಂದ ಮೇಲೆ ಹುಡುಗಿಯರಿಗೆ ತಿಂಗಳಿಗೊಮ್ಮೆ ಹೊಟ್ಟೆನೋವು ಬರುತ್ತಿದ್ದದ್ದು ಕಾಣುತ್ತದೆ. ರಜೆ ಚೀಟಿಯಲ್ಲಿ ಹಾಗೇ ಬರೆದಿರುತ್ತಿತ್ತು, ನಾನೂ ಹಾಗೇ ಬರೆದುಕೊಳ್ಳುತ್ತಿದ್ದೆ. ಒಬ್ಬ ಹುಡುಗಿ ಮಾತ್ರ ಚೀಟಿ ಇಲ್ಲದೆ, ನನ್ನ ಪಿರಿಯಡ್ಡಿನಲ್ಲೇ ಎದ್ದು ನಿಂತು ಅಳತೊಡಗಿದಳು. ತನಗೆ ದೊಡ್ಡ ರೋಗ ಬಂದಿದೆ, ತಾನು ಸಾಯುತ್ತೇನೆ ಎಂದೇ ಆಕೆ ತಿಳಿದಿದ್ದಳು. ನಾನು ಅಡುಗೆ ಮಾಡುವ ಅವ್ವನನ್ನು ಕರೆಸಿದೆ. ವಿಜ್ಞಾನದ ಮೇಷ್ಟ್ರು ಹೇಳಲಾಗದ್ದನ್ನು ಬಿಸಿಯೂಟದ ಅವ್ವ ಎರಡು ನಿಮಿಷದಲ್ಲಿ ಹೇಳಿ ಮುಗಿಸಿ, ತಿರುಗಿ ಸೌಟು ಹಿಡಿದಳು. ಸಂಬಳ ಮಾತ್ರ ನನಗೇ ಹೆಚ್ಚು ಬರುತ್ತಿತ್ತು.

ಹೆಣ್ಣುಮಗು ದೊಡ್ಡವಳಾದರೆ ನಮ್ಮ ಉರ್ದು ಮಾತಿನ ನೆರೆಮನೆಗಳಲ್ಲಿ ‘ಸಯಾನಿ’ ಆದಳು ಎನ್ನುತ್ತಾರೆ, ಮರಾಠಿ ಮನೆಗಳಲ್ಲಿ ‘ಶಹಾಣಿ’. ಎರಡಕ್ಕೂ ಶಾಣ್ಯಾಳಾದಳು, ತಿಳಿವಳಿಕೆಯುಳ್ಳವಳಾದಳು ಎಂದೇ ಅರ್ಥ. ಅಂದಿನಿಂದ ಆಕೆಗೆ ಯಾರೂ ಏನನ್ನೂ ಹೇಳುವುದಿಲ್ಲ. ಶಾಣ್ಯಾಳಾದ ಮೇಲೆ ಹೇಳುವುದೇನಿದೆ?

ಇಷ್ಟು ಓದಿ, ಬೀದರ್ ಜಿಲ್ಲೆಯಲ್ಲಿ ಈ ವಿಷಯ ಕಲಿಸುವವರೇ ಇಲ್ಲವೆಂದು ತಿಳಿಯಬೇಡ. ನಮ್ಮಲ್ಲಿ ಬೇಕಾದಷ್ಟು ಅಧ್ಯಾಪಕರಿದ್ದಾರೆ. ಹಿರಿಯವರು ಗೋಡೆಗಳು. ಬಸ್‌ಸ್ಟ್ಯಾಂಡಿನ ಮೂತ್ರಿಖಾನೆಯಿಂದ ಊರ ಹೊರಗಿನ ಬಾವಿಯ ಪಂಪ್‌ಶೆಡ್ಡಿನವರೆಗೆ ‘ಗುಪ್ತರೋಗ, ನರದೌರ್ಬಲ್ಯ, ಸ್ವಪ್ನಸ್ಖಲನಕ್ಕೆ ಗ್ಯಾರಂಟಿ ಇಲಾಜು’ ಎಂದು ಬರೆದ ಗೋಡೆಗಳು. ಡಾಕ್ಟರು ತಿಂಗಳಿಗೆ ಎರಡು ದಿನ ಲಾಡ್ಜಿನಲ್ಲಿ ಸಿಗುತ್ತಾರೆ. ಹದಿನಾಲ್ಕು ವರ್ಷದ ಹುಡುಗನ ಮೈಯಲ್ಲಿ ಸಹಜವಾಗಿ ಆಗುವುದನ್ನೆಲ್ಲ ಈ ಗೋಡೆ ರೋಗಗಳ ಪಟ್ಟಿಗೆ ಸೇರಿಸಿಬಿಟ್ಟಿದೆ. ಒಂದು ಹನಿ ವೀರ್ಯಕ್ಕೆ ಇಷ್ಟು ಹನಿ ರಕ್ತ ಎಂಬ ಲೆಕ್ಕವನ್ನು ಅವನು ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠ ಮಾಡಿರುತ್ತಾನೆ. ಲೆಕ್ಕ ಪೂರ್ತಿ ಸುಳ್ಳು. ಆದರೆ ಅದನ್ನು ಸುಳ್ಳೆಂದು ಹೇಳಬೇಕಾದವನು ಆ ಪಿರಿಯಡ್ಡಿನಲ್ಲಿ ದಾಸವಾಳ ಸೀಳುತ್ತಿದ್ದನಲ್ಲ. ಇಂಥ ಜಾಹೀರಾತನ್ನು ನಿಷೇಧಿಸುವ ಕಾನೂನು 1954ರಿಂದಲೇ ಇದೆ, ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ. ಎಪ್ಪತ್ತು ವರ್ಷ ದಾಟಿದ ಆ ಕಾಯ್ದೆಗೆ ನಮ್ಮ ಗೋಡೆಗಳು ಕಾಣಿಸುತ್ತಿಲ್ಲ. ವಯಸ್ಸಾದ ಮೇಲೆ ಕಣ್ಣು ಮಂಜಾಗುವುದು ಸಹಜ.

ಕಿರಿಯ ಅಧ್ಯಾಪಕ ಮೊಬೈಲು. ಅದರ ಬಗ್ಗೆ ನಿನಗೆ ನಾನು ಹೇಳಬೇಕಿಲ್ಲ. ಗೋಡೆ ಹೆದರಿಸಿ ಕಳಿಸಿದ ಹುಡುಗನಿಗೆ ಮೊಬೈಲು ರಾತ್ರಿ ಹನ್ನೆರಡಕ್ಕೆ ಧೈರ್ಯ ತುಂಬುತ್ತದೆ. ಹೆಣ್ಣಿನ ಒಪ್ಪಿಗೆ ಎಂಬ ಮಾತು ಅದರ ಸಿಲಬಸ್ಸಿನಲ್ಲಿಲ್ಲ.

ಇನ್ನೊಂದು ಸಂಗತಿ ಹೇಳಿದರೆ ನಗಬಾರದು. ಕರ್ನಾಟಕದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದು ನಮ್ಮ ಬೀದರಿನಲ್ಲೇ, ನಂದಿನಗರದಲ್ಲಿ. ದೇವಣಿ ತಳಿಯ ದನಗಳ ಸೀಮೆ ಇದು. ಮೈಲೂರಿನಿಂದ ಭಾಲ್ಕಿಗೋ ಔರಾದಿಗೋ ಹೋಗುವ ಬಸ್ಸಿನಲ್ಲಿ ಕುಳಿತು ಕಿವಿಗೊಡು. “ಎಮ್ಮಿ ಬೆದಿಗಿ ಬಂದದ, ಇವತ್ತೇ ಸೂಜಿ ಹಾಕಸು, ನಾಳಿಗಿ ಅಂದ್ರ ಹೋಯ್ತು” ಎಂದು ಅಜ್ಜ ಮೊಮ್ಮಗನಿಗೆ, ಅತ್ತೆ ಸೊಸೆಗೆ, ಕಂಡಕ್ಟರಿಗೆ ಸಹ ಕೇಳುವ ಹಾಗೆ ಹೇಳುತ್ತಾರೆ. ಬೆದೆಯ ಲಕ್ಷಣವೇನು, ಎಷ್ಟು ತಾಸಿನೊಳಗೆ ವೀರ್ಯದ ಸ್ಟ್ರಾ ಹಾಕಬೇಕು, ಗಬ್ಬ ನಿಂತಿದೆಯೋ ಇಲ್ಲವೋ ಹೇಗೆ ನೋಡಬೇಕು, ಎಷ್ಟು ಸೂಲಿನ ಮೇಲೆ ವಿಶ್ರಾಂತಿ ಕೊಡಬೇಕು, ಎಲ್ಲವೂ ಬಾಯಲ್ಲಿದೆ. ಯಾರಿಗೂ ನಾಚಿಕೆಯಿಲ್ಲ, ಯಾರ ಸಂಸ್ಕೃತಿಯೂ ಕೆಟ್ಟಿಲ್ಲ. ಮಣಕ ಬಲಿಯುವ ಮೊದಲು ಗಬ್ಬ ಕಟ್ಟಿಸಬಾರದು, ಕರುವೂ ಉಳಿಯುವುದಿಲ್ಲ ತಾಯಿಯೂ ಉಳಿಯುವುದಿಲ್ಲ ಎಂದು ನನಗೆ ಮೊದಲು ಹೇಳಿದ್ದು ಒಬ್ಬ ರೈತ. ಅದೇ ವರ್ಷ ಅವನು ತನ್ನ ಮಗಳ ಮದುವೆಯ ಕರೆಯೋಲೆ ಕೊಡಲು ಬಂದಿದ್ದ. ಹುಡುಗಿ ಒಂಬತ್ತನೇ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿ. ಊಟ ಚೆನ್ನಾಗಿತ್ತು.

ಅಂಕಿ ಕೇಳಿದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕೊಡುತ್ತದೆ. ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳ ಪೈಕಿ 18 ತುಂಬುವ ಮೊದಲೇ ಮದುವೆಯಾದವರು 2015–16ರಲ್ಲಿ ಶೇ 21.4 ಇದ್ದರು, 2019–21ರಲ್ಲಿ ಶೇ 21.3. ನಾವು ಏನೂ ಮಾಡಲಿಲ್ಲವೆಂದಲ್ಲ. ಬಾಲ್ಯವಿವಾಹ ತಡೆಯುವ ಬಗ್ಗೆ ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ 2011ರಲ್ಲೇ ವರದಿ ಕೊಟ್ಟಿತ್ತು, 2016ರಲ್ಲಿ ಕಾನೂನಿಗೆ ತಿದ್ದುಪಡಿ ತಂದು ಇಂಥ ಮದುವೆ ಮೂಲದಲ್ಲೇ ಅಸಿಂಧು ಎಂದೆವು. ಇಷ್ಟೆಲ್ಲ ಓಡಾಡಿ ಗಳಿಸಿದ್ದು ದಶಾಂಶ ಒಂದು. ಪಾಠಕ್ಕೆ ಇನ್ನೂ ವಯಸ್ಸಾಗದ ಹುಡುಗಿಗೆ ಬಸುರಿಗೆ ಮಾತ್ರ ವಯಸ್ಸಾಗಿರುತ್ತದೆ ಎಂಬ ನಮ್ಮ ತರ್ಕ ನಿನ್ನ ಪಟ್ಟಣದ ತಲೆಗೆ ಹತ್ತಲಿಕ್ಕಿಲ್ಲ. ಬಲವಂತವಿಲ್ಲ.

ಅಲ್ಲದೆ ನಮ್ಮ ಮಕ್ಕಳು ದಡ್ಡರಲ್ಲ. ಬೀದರ್ ಈಗ ನೀಟ್ ಕೋಚಿಂಗಿನ ಊರು, ಬೇರೆ ರಾಜ್ಯಗಳ ಮಕ್ಕಳೂ ಹಾಸ್ಟೆಲ್ ಹಿಡಿದು ಓದುತ್ತಾರೆ. ಪಿಯುಸಿ ಜೀವಶಾಸ್ತ್ರದಲ್ಲಿ ಮಾನವ ಸಂತಾನೋತ್ಪತ್ತಿಯ ಅಧ್ಯಾಯವಿದೆ, ಅದರ ಬೆನ್ನಿಗೆ ಸಂತಾನೋತ್ಪತ್ತಿ ಆರೋಗ್ಯದ ಅಧ್ಯಾಯವೂ ಇದೆ. ಕಾಪರ್-ಟಿ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ನಾಲ್ಕು ಆಯ್ಕೆಯಲ್ಲಿ ಸರಿಯಾದದ್ದನ್ನು ನಲವತ್ತು ಸೆಕೆಂಡಿನಲ್ಲಿ ಗುರುತಿಸುವ ಹುಡುಗರು ನಮ್ಮ ಓಣಿಯಲ್ಲಿ ಬಾಡಿಗೆಗಿದ್ದಾರೆ. ಸರಿಯಾದರೆ ನಾಲ್ಕು ಅಂಕ, ತಪ್ಪಾದರೆ ಒಂದು ಕಡಿತ. ಅವರಲ್ಲೊಬ್ಬ ಮೊನ್ನೆ ಸಂಜೆ ಬಾಗಿಲಿಗೆ ಬಂದು, ಅತ್ತ ಇತ್ತ ನೋಡಿ, “ಸರ್, ಒಂದು ಕೇಳ್ಬೇಕಿತ್ರಿ” ಎಂದ. ಕೇಳಿದ್ದು ಗೋಡೆಯ ಮೇಲಿನ ಲೆಕ್ಕದ ಬಗ್ಗೆ. ಮುಂದೆ ಡಾಕ್ಟರನಾಗಲಿರುವ ಹುಡುಗ! ನಿವೃತ್ತನಾದ ಮೇಲೆ ನಾನು ಮೊದಲ ಸಲ ಆ ಪಾಠ ಪೂರ್ತಿ ಮಾಡಿದ್ದು ಆವತ್ತೇ, ಹೊಸ್ತಿಲಲ್ಲಿ ನಿಂತು, ದನಿ ತಗ್ಗಿಸಿ.

ಬಿಡು, ನನ್ನದಾಯಿತು. ಇನ್ನು ಸಂಸ್ಕೃತಿಯ ವಿಚಾರಕ್ಕೆ ಬರುತ್ತೇನೆ. ನಿನ್ನನ್ನು ತಡೆಯಲು ಎಲ್ಲರೂ ಮೊದಲು ಎತ್ತುವ ಮಾತು ಅದೇ: ಇದು ನಮ್ಮ ನೆಲದ್ದಲ್ಲ, ಪಶ್ಚಿಮದಿಂದ ಬಂದದ್ದು. ನಾನೂ ಹಾಗೇ ಹೇಳೋಣವೆಂದು ಪೆನ್ನು ಹಿಡಿದೆ. ಹಿಡಿದವನಿಗೆ ಚಂದ್ರರಾಜ ಅಡ್ಡ ಬಂದ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಕಾಮಶಾಸ್ತ್ರ ಗ್ರಂಥ ‘ಮದನತಿಲಕ’ ಅವನದು. ಬರೆದದ್ದು ಹನ್ನೊಂದನೆಯ ಶತಮಾನದಲ್ಲಿ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ. ಆ ಕಲ್ಯಾಣ ಎಲ್ಲಿದೆ ಗೊತ್ತಲ್ಲ? ನಮ್ಮ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕು. ಆಮೇಲೆ ಹದಿನೈದನೆಯ ಶತಮಾನದಲ್ಲಿ ಕಲ್ಲರಸ ‘ಜನವಶ್ಯ’ ಬರೆದ. ಪುಣ್ಯಕ್ಕೆ ಎರಡೂ ಹಳೆಯ ಕಾಲದ ಕನ್ನಡದಲ್ಲಿವೆ, ಯಾರೂ ಓದುವುದಿಲ್ಲ. ಆ ಕನ್ನಡ ನಮ್ಮ ಮಾನ ಕಾಪಾಡಿದೆ.

ಅದೇ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ಐದು ಸೂತಕಗಳನ್ನು ಒಲ್ಲೆವೆಂದರು: ಹುಟ್ಟು, ಸಾವು, ಜಾತಿ, ಎಂಜಲು, ಮತ್ತು ಮುಟ್ಟು. ಹೆಣ್ಣಿನ ಮುಟ್ಟು ಮೈಲಿಗೆಯಲ್ಲ ಎಂಬ ಮಾತು ಇಲ್ಲಿಂದಲೇ ಹೊರಟಿತು. ಬಸವಕಲ್ಯಾಣದಲ್ಲಿ ಈಗ ಕೋಟಿಗಟ್ಟಲೆ ಖರ್ಚಿನಲ್ಲಿ ಹೊಸ ಅನುಭವ ಮಂಟಪ ಏಳುತ್ತಿದೆ. ಇತ್ತ ನಮ್ಮ ಮೆಡಿಕಲ್ ಅಂಗಡಿಯವನು ಪ್ಯಾಡಿನ ಪಾಕೀಟನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಕರಿ ಕ್ಯಾರಿಬ್ಯಾಗಿಗೆ ತುಂಬಿ, ಬಾಂಬು ದಾಟಿಸುವವನ ಹಾಗೆ ಕೊಡುತ್ತಾನೆ. ಪಕ್ಕದ ಮನೆಯಲ್ಲಿ “ಸೊಸಿ ಹೊರಗ ಕುಂತಾಳ” ಎಂದರೆ ಅಂದಿನ ಪ್ರಸಾದ ಆಕೆಗೆ ತಲುಪುವುದಿಲ್ಲ. ಮನೆಯ ಗೋಡೆಯ ಮೇಲೆ ಬಸವಣ್ಣನ ಫೋಟೋ ದೊಡ್ಡದೇ ಇದೆ.

ಹಳೆಯದು ಬೇಡ, ಹತ್ತಿರದ್ದೇ ನೋಡು. ಗಡಿಯಾಚೆಯ ಮುಂಬಯಿಯಲ್ಲಿ ರ.ಧೋಂ. ಕರ್ವೆ ಎಂಬ ಗಣಿತದ ಮೇಷ್ಟ್ರು 1921ರಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದರು, 1927ರಿಂದ ‘ಸಮಾಜಸ್ವಾಸ್ಥ್ಯ’ ಎಂಬ ಪತ್ರಿಕೆ ನಡೆಸಿದರು. ನಿನ್ನ ಕಸುಬಿನ ಪೂರ್ವಿಕ ಎನ್ನಬಹುದು. ಕಾಲೇಜಿನ ನೌಕರಿ ಹೋಯಿತು, ಅಶ್ಲೀಲದ ಕೇಸು ಬಿತ್ತು. 1934ರಲ್ಲಿ ಅವರ ಪರವಾಗಿ ಕೋರ್ಟಿನಲ್ಲಿ ನಿಂತ ವಕೀಲರು ಬಿ.ಆರ್. ಅಂಬೇಡ್ಕರ್. ಓದುಗರ ಲೈಂಗಿಕ ಪ್ರಶ್ನೆಗೆ ಉತ್ತರ ಕೊಡುವುದು ಅಶ್ಲೀಲವಲ್ಲ ಎಂದು ವಾದಿಸಿದರು. ಕೇಸು ಸೋತರು. ಅಂಬೇಡ್ಕರ್ ಜಯಂತಿಗೆ ನಮ್ಮ ಊರಿನಲ್ಲಿ ಡಿಜೆ ಹಚ್ಚುತ್ತೇವೆ, ಈ ಕೇಸಿನ ಸುದ್ದಿ ಮಾತ್ರ ಯಾರ ಭಾಷಣದಲ್ಲೂ ನಾನು ಕೇಳಿಲ್ಲ.

ದಕ್ಷಿಣದ ಮೈಸೂರು ಸರ್ಕಾರ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್‌ಗಳಿಗೆ ಆದೇಶ ಹೊರಡಿಸಿತು. ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ. ಡಾ. ಅನುಪಮಾ ನಿರಂಜನ ‘ಕೇಳು ಕಿಶೋರಿ’, ‘ವಧುವಿಗೆ ಕಿವಿಮಾತು’ ಬರೆದಾಗ ನೀನು ಹುಟ್ಟಿರಲಿಲ್ಲ. ಎರಡನೆಯದನ್ನು ನನ್ನ ಹೆಂಡತಿ ತವರಿನಿಂದ ಸೀರೆಗಳ ನಡುವೆ ಅಡಗಿಸಿ ತಂದಿದ್ದಳು. ಆಕೆ ಓದಿದ್ದಾಳೆಂದು ನನಗೆ ಗೊತ್ತಾದದ್ದು ಮದುವೆಯಾಗಿ ನಾಲ್ಕು ವರ್ಷಕ್ಕೆ, ನಾನು ಕದ್ದು ಓದುತ್ತಿದ್ದೇನೆಂದು ಆಕೆಗೆ ಮೊದಲ ತಿಂಗಳೇ ಗೊತ್ತಿತ್ತಂತೆ. ಶಾಣ್ಯಾಳು.

ಇಷ್ಟೆಲ್ಲ ಆದ ರಾಜ್ಯದಲ್ಲಿ ಮುಂದೇನಾಯಿತು? ಕೇಂದ್ರ 2005ರಲ್ಲಿ ಹದಿಹರೆಯ ಶಿಕ್ಷಣ ಕಾರ್ಯಕ್ರಮ ತಂದಿತು, ಏಡ್ಸ್ ಭಯ ಹೆಚ್ಚಿದ್ದ ಕಾಲ. 2007ರ ಹೊತ್ತಿಗೆ ಮಹಾರಾಷ್ಟ್ರ, ಮಧ್ಯಪ್ರದೇಶದ ಜೊತೆ ಕರ್ನಾಟಕವೂ ಅದನ್ನು ನಿಲ್ಲಿಸಿತು. 2009ರಲ್ಲಿ ಎಂ. ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿ, ಶಾಲೆಯಲ್ಲಿ ಲೈಂಗಿಕ ಶಿಕ್ಷಣವೇ ಬೇಡ ಎಂದಿತು. ಸಿಬ್ಬಂದಿ ಕೋಣೆಯಲ್ಲಿ ಆ ಸುದ್ದಿ ಓದಿ ನೆಮ್ಮದಿಯ ಉಸಿರು ಬಿಟ್ಟವರಲ್ಲಿ ನಾನೂ ಒಬ್ಬ. ಗಂಟಲು ಕೆರೆತಕ್ಕೆ ಸಂಸತ್ತಿನ ಮಟ್ಟದಲ್ಲಿ ಔಷಧ ಸಿಕ್ಕಿತ್ತು.

2022ರ ನವೆಂಬರ್‌ನಲ್ಲಿ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಒಂದು ಪೋಕ್ಸೊ ಪ್ರಕರಣ ಬಂತು. ಹದಿನೇಳರ ಹುಡುಗಿ ಹುಡುಗನೊಬ್ಬನ ಜೊತೆ ಓಡಿಹೋಗಿದ್ದಳು, ಮುಂದೆ ಅವನನ್ನೇ ಮದುವೆಯಾಗಿ ಎರಡು ಮಕ್ಕಳೂ ಆಗಿದ್ದವು. ಖುಲಾಸೆಯನ್ನು ಎತ್ತಿಹಿಡಿದ ನ್ಯಾಯಪೀಠ, ಒಂಬತ್ತನೆಯ ತರಗತಿಯಿಂದಲೇ ಮಕ್ಕಳಿಗೆ ಈ ಕಾನೂನಿನ ತಿಳಿವಳಿಕೆ ಕೊಡಿ ಎಂದು ಶಿಕ್ಷಣ ಇಲಾಖೆಗೆ ನಿರ್ದೇಶಿಸಿತು. ಹದಿನೆಂಟರ ಕೆಳಗಿನವಳ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ ಎಂಬುದು ನಮ್ಮ ಹುಡುಗರಿಗೆ ಸಾಮಾನ್ಯವಾಗಿ ತಿಳಿಯುವುದು ಠಾಣೆಯಲ್ಲಿ. ಅಲ್ಲಿನ ಪಾಠ ಚೆನ್ನಾಗಿ ನೆನಪಿರುತ್ತದೆ ಎಂಬುದನ್ನು ಒಪ್ಪಬೇಕು. 2025ರ ಮಾರ್ಚ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪನವರು ಎಂಟರಿಂದ ಹನ್ನೆರಡನೆಯ ತರಗತಿಯವರೆಗೆ ಲೈಂಗಿಕ ಶಿಕ್ಷಣ ಕೊಡಿಸುವುದಾಗಿ ಹೇಳಿದರು. ನಾನು ನಿವೃತ್ತನಾದ ಮೇಲೆ ಹೇಳಿದರು, ಉಪಕಾರವಾಯಿತು.

ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ಗಳೂ ಇವೆ. ಒಳ್ಳೆಯ ಹೆಸರು. ತೊಂದರೆ ಒಂದೇ, ಅದರ ಬಾಗಿಲಲ್ಲಿ ನಿಂತ ಹುಡುಗಿಯನ್ನು ಸಾಲಿನಲ್ಲಿ ನಿಂತ ಚಿಕ್ಕಮ್ಮ “ನೀ ಇಲ್ಲಿ ಯಾಕ ಬಂದಿ ಬೇ?” ಎಂದು ಮೂರು ವಾರ್ಡಿಗೆ ಕೇಳುವ ಹಾಗೆ ವಿಚಾರಿಸುತ್ತಾಳೆ. ಸಣ್ಣ ಊರಿನಲ್ಲಿ ಸ್ನೇಹ ಜಾಸ್ತಿ.

ಇಷ್ಟು ಹೇಳಿದರೂ ನೀನು ಬಂದೇ ಬರುತ್ತೀ ಎಂಬ ಗುಮಾನಿ ನನಗಿದೆ. ಹಟಮಾರಿಗಳು ಇಲ್ಲಿ ಹಿಂದೆಯೂ ಆಗಿಹೋಗಿದ್ದಾರೆ. ನಿಜಾಮರ ಕಾಲದಲ್ಲಿ ಇಲ್ಲಿ ಕನ್ನಡ ಕಲಿಸುವುದು ಕಷ್ಟವಿತ್ತು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ, ಒಳಗೆ ಕನ್ನಡ ಕಲಿಸಿದರು. ನಮ್ಮ ಸೀಮೆಯಲ್ಲಿ ಕನ್ನಡ ಉಳಿದ ಕತೆ ಹೇಳುವಾಗ ಈ ಬೋರ್ಡಿನ ಸಂಗತಿ ಹೇಳದವರಿಲ್ಲ. ನೀನೂ ಹಾಗೇ ಮಾಡು. ಹೊರಗೆ ‘ನೀಟ್ ಕ್ರ್ಯಾಶ್ ಕೋರ್ಸ್’ ಎಂದು ಬರೆ, ತಂದೆತಾಯಿಗಳು ಫೀಸು ಕೊಟ್ಟು ತಾವೇ ಕರೆತಂದು ಬಿಡುತ್ತಾರೆ. ಇಲ್ಲವೇ ‘ಎಮ್ಮೆ ಸಾಕಣೆ ಮಾಹಿತಿ ಶಿಬಿರ’ ಎನ್ನು, ಊರಿಗೆ ಊರೇ ಬರುತ್ತದೆ. ಮೊದಲ ಅರ್ಧ ತಾಸು ಎಮ್ಮೆಯ ಮಾತಾಡು. ಆಮೇಲೆ ನಿಧಾನಕ್ಕೆ ಮನುಷ್ಯರಿಗೆ ಬಾ.

ಅದೇ ಭಾಲ್ಕಿಯ ಮಠ, ಮುಳ್ಳುಕಂಟಿಯಲ್ಲಿ, ಕಸದಲ್ಲಿ ಬಿಟ್ಟುಹೋದ ಹಸುಗೂಸುಗಳನ್ನು ಎತ್ತಿ ತಂದು ಸಾಕಿ ಓದಿಸುತ್ತಿದೆ. ಈ ಸಾಲಿಗೆ ವ್ಯಂಗ್ಯ ಸೇರಿಸಲು ನೋಡಿದೆ, ಆಗಲಿಲ್ಲ. ಆ ಕೂಸುಗಳ ತಾಯಂದಿರು ಯಾವ ಶಾಲೆಯಲ್ಲಿ ಕೂತಿದ್ದರೋ, ಅವರಿಗೂ ಯಾರೋ ಒಬ್ಬ ಮೇಷ್ಟ್ರು ಮನೆಯಲ್ಲಿ ಓದಿಕೊಳ್ಳಿ ಎಂದಿರುತ್ತಾನೆ.

ಬರುವುದಿದ್ದರೆ ಬೇಸಿಗೆ ರಜೆ ಮುಗಿದು ಶಾಲೆ ತೆರೆದ ಕೂಡಲೆ ಬಾ, ಎಂಟನೆಯ ತರಗತಿಯಿಂದ ಶುರುಮಾಡು, ಹುಡುಗರನ್ನೂ ಒಳಗೇ ಕೂರಿಸು. ಬಿಸಿಯೂಟದ ಅವ್ವನನ್ನು ಜೊತೆಗೆ ಕರೆದುಕೋ, ಅರ್ಧ ಕೆಲಸ ಆಕೆಗೇ ಗೊತ್ತಿದೆ. ದಾಸವಾಳದ ಹೂವು ಮಾತ್ರ ತರಬೇಡ. ಆ ಪಾಠ ಆಗಿದೆ.

ಇಂತಿ,
ಮೈಲೂರಿನ ಒಬ್ಬ ನಿವೃತ್ತ ವಿಜ್ಞಾನ ಮೇಷ್ಟ್ರು